ಡಿಸೈನ್ ಕೆಲಸಕ್ಕೆ ಕಂಪ್ಯೂಟರ್: ಜರ್ಮನಿಯಲ್ಲಿ 1,000 ಯೂರೊ ಎಲ್ಲೆಲ್ಲಿ ಹಾಕಬೇಕು?

ಇಟಿಎಫ್, ಪಿಂಚಣಿ, ಟ್ಯಾಕ್ಸ್ ಬಿಟ್ಟು ಇವತ್ತು ಕಂಪ್ಯೂಟರ್ ಮಾತು ಯಾಕೆ ಅಂತ ಕೇಳಬಹುದು. ಕಾರಣ ಇದೆ. ಇಲ್ಲಿಗೆ ಬರುವ ನಮ್ಮ ಎಷ್ಟೋ ಕುಟುಂಬಗಳಲ್ಲಿ ಒಬ್ಬರಿಗೆ ಕೆಲಸ ಇರುತ್ತೆ, ಇನ್ನೊಬ್ಬರು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಾಡುತ್ತಿದ್ದ ಡಿಸೈನ್ ಕೆಲಸ ಬಿಟ್ಟು ಬಂದಿರುತ್ತಾರೆ. ಜರ್ಮನ್ ಕಲಿಯುತ್ತಾ ಮನೆಯಿಂದಲೇ ಫ್ರೀಲಾನ್ಸ್ ಶುರು ಮಾಡೋಣ ಅಂದುಕೊಂಡಾಗ ಎದುರಾಗುವ ಮೊದಲ ದೊಡ್ಡ ಖರ್ಚೇ ಕಂಪ್ಯೂಟರ್. ಆ ಹಣ ಬರೋದು ಸಾಮಾನ್ಯವಾಗಿ ಕಷ್ಟಕಾಲಕ್ಕೆ ಅಂತ ಇಟ್ಟ ಉಳಿತಾಯದಿಂದ. ಹಾಗಾಗಿ ಇದು ಹೂಡಿಕೆಯ ಪ್ರಶ್ನೆಯೇ.

ಮೊದಲು ಎರಡು ವಿಷಯ ನೋಡಿಕೊಳ್ಳಿ. ಒಂದು, ನಿಮ್ಮ ರೆಸಿಡೆನ್ಸ್ ಪರ್ಮಿಟ್‌ನಲ್ಲಿ ಸ್ವಂತ ಉದ್ಯೋಗಕ್ಕೆ ಅನುಮತಿ ಇದೆಯಾ? ಸಂಗಾತಿಯಾಗಿ ಬಂದವರಿಗೆ ಸಾಮಾನ್ಯವಾಗಿ ‘ಎರ್ವೆರ್ಬ್ಸ್‌ಟೇಟಿಗ್‌ಕೈಟ್ ಎರ್‌ಲೌಬ್ಟ್’ ಎಂದಿರುತ್ತೆ, ಇದರಲ್ಲಿ ಸ್ವಂತ ಉದ್ಯೋಗವೂ ಸೇರುತ್ತೆ. ಬ್ಲೂ ಕಾರ್ಡ್ ಇರುವವರು ಮಾತ್ರ ಮೊದಲು ವಿದೇಶಿಯರ ಕಚೇರಿಯಲ್ಲಿ ಕೇಳಬೇಕು. ಎರಡು, ಕಂಪ್ಯೂಟರ್ ಕೊಂಡ ಮೇಲೂ ಕೈಯಲ್ಲಿ ಮೂರು ತಿಂಗಳ ಮನೆಖರ್ಚು ಉಳಿಯುತ್ತಾ? ಉಳಿಯದಿದ್ದರೆ ಬಜೆಟ್ ಇಳಿಸಿ. ಕಂತಿನಲ್ಲಿ ದೊಡ್ಡದು ತೊಗೊಳ್ಳೋದು ಪರಿಹಾರ ಅಲ್ಲ.

ಕೆಲಸ ಮೊದಲು, ಪಾರ್ಟ್ಸ್ ಆಮೇಲೆ

‘ಡಿಸೈನ್’ ಅನ್ನೋ ಒಂದೇ ಪದದಲ್ಲಿ ಮೂರು ಬೇರೆ ಬೇರೆ ಕೆಲಸ ಇವೆ.

1. ಲೋಗೋ, ಪೋಸ್ಟರ್, ಪುಸ್ತಕದ ಪುಟವಿನ್ಯಾಸ, ಆ್ಯಪ್ ಪರದೆಗಳು. ಇಲ್ಲಿ ಬೇಕಾದದ್ದು ಪ್ರೊಸೆಸರ್‌ನ ಒಂದೊಂದು ಕೋರ್‌ನ ವೇಗ ಮತ್ತು ಸಾಕಷ್ಟು ರ‍್ಯಾಮ್. ಇಲಸ್ಟ್ರೇಟರ್‌ನಂಥ ಸಾಫ್ಟ್‌ವೇರ್‌ಗೆ 16 ಕೋರ್ ಕೊಟ್ಟರೂ ಹೆಚ್ಚಿನವು ಸುಮ್ಮನೆ ಕೂತಿರುತ್ತವೆ.

2. ಫೋಟೋ ಕೆಲಸ. ಫೋಟೋಶಾಪ್‌ನಲ್ಲಿ ಲೇಯರ್‌ಗಳು ಹೆಚ್ಚಿದಂತೆ ರ‍್ಯಾಮ್ ತುಂಬುತ್ತೆ. ತುಂಬಿದ ಮೇಲೆ ಎಸ್‌ಎಸ್‌ಡಿ ಮೇಲೆ ಬರೆಯಲು ಶುರು ಮಾಡುತ್ತೆ, ಆಗ ನಿಧಾನ ಆಗುತ್ತೆ.

3. ವಿಡಿಯೋ ಎಡಿಟಿಂಗ್, 3ಡಿ. ಇಲ್ಲಿ ಮಾತ್ರ ಗ್ರಾಫಿಕ್ಸ್ ಕಾರ್ಡ್ ನಿಜವಾದ ದುಡಿಮೆಗಾರ.

ಮುಂದಿನ ಆರು ತಿಂಗಳಲ್ಲಿ ನಿಮಗೆ ಹಣ ಕೊಡುವ ಕೆಲಸ ಯಾವುದು ಅಂತ ಬರೆದುಕೊಳ್ಳಿ. ಉತ್ತರ ಒಂದು ಅಥವಾ ಎರಡು ಆದರೆ ಗ್ರಾಫಿಕ್ಸ್ ಕಾರ್ಡ್ ಈಗಲೇ ಕೊಳ್ಳಬೇಡಿ. ದೊಡ್ಡ ಉಳಿತಾಯ ಇರೋದು ಇಲ್ಲೇ.

ಒಂದೊಂದಾಗಿ ನೋಡೋಣ

ಮಾನಿಟರ್: ಬಜೆಟ್‌ನ ಕಾಲು ಭಾಗ ಇದಕ್ಕೇ ಇಡಿ. ಬಣ್ಣ ತಪ್ಪು ತೋರಿಸುವ ಪರದೆಯಲ್ಲಿ ಮಾಡಿದ ಕೆಲಸ ಪ್ರಿಂಟ್ ಆಗಿ ಬಂದಾಗ ಗ್ರಾಹಕರು ದೂರುವುದು ನಿಮ್ಮನ್ನೇ. ಐಪಿಎಸ್ ಪ್ಯಾನೆಲ್, ಎಸ್‌ಆರ್‌ಜಿಬಿ ಹತ್ತಿರ ಹತ್ತಿರ 100%, 27 ಇಂಚಿಗೆ 2560×1440 ರೆಸಲ್ಯೂಷನ್ ಇದ್ದರೆ ಶುರುವಿಗೆ ಸಾಕು. 144 ಹರ್ಟ್ಸ್ ಗೇಮ್ ಆಡುವವರಿಗೆ. ಒಳ್ಳೆಯ ಮಾನಿಟರ್ ಎರಡು ಕಂಪ್ಯೂಟರ್‌ಗಳ ಕಾಲ ಬಾಳುತ್ತೆ.

ಪ್ರೊಸೆಸರ್: ಆರು ಕೋರ್ ಸಾಕು. ಉದಾಹರಣೆಗೆ ರೈಜೆನ್ 5 7600. 65 ವಾಟ್‌ನದ್ದು, ಒಳಗೇ ಚಿಕ್ಕ ಗ್ರಾಫಿಕ್ಸ್ ಇದೆ, ಬಾಕ್ಸ್ ಆವೃತ್ತಿಯಲ್ಲಿ ಕೂಲರ್ ಕೂಡ ಬರುತ್ತೆ. 7500ಎಫ್ ಸ್ವಲ್ಪ ಅಗ್ಗ, ಆದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಇಂಟೆಲ್‌ನಲ್ಲೂ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಅದೇ ಅರ್ಥ. ಕಾರ್ಡ್ ಇಲ್ಲದೆ ಕಟ್ಟುವವರು ಎಫ್ ಕೊಂಡರೆ ಪರದೆಯಲ್ಲಿ ಏನೂ ಬರಲ್ಲ. ಒಳಗಿನ ಗ್ರಾಫಿಕ್ಸ್‌ನಲ್ಲಿ 2ಡಿ ಕೆಲಸ ನಡೆಯುತ್ತೆ, ಲೈಟ್‌ರೂಮ್‌ನ ಎಐ ಡಿನಾಯ್ಸ್‌ನಂಥವು ನಿಧಾನ.

ಮದರ್‌ಬೋರ್ಡ್: ಬಿ650ನಂಥ ಮಧ್ಯಮ ಚಿಪ್‌ಸೆಟ್ ಸಾಕು. 2022ರಲ್ಲಿ ಬಂದ ಎಎಂ5 ಸಾಕೆಟ್‌ಗೆ ಹೊಸ ಪ್ರೊಸೆಸರ್‌ಗಳೂ ಬರುತ್ತಿರುವುದರಿಂದ ಮುಂದೆ ಬೋರ್ಡ್ ಉಳಿಸಿಕೊಂಡು ಪ್ರೊಸೆಸರ್ ಮಾತ್ರ ಬದಲಿಸಬಹುದು.

ರ‍್ಯಾಮ್: ಗುರಿ 32 ಜಿಬಿ, ಅಂದರೆ 16ರ ಎರಡು ಪಟ್ಟಿ. 2025ರ ಕೊನೆಯಲ್ಲಿ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿತು. ನೀವು ಕೊಳ್ಳುವಾಗಲೂ ಕೈಗೆಟುಕದಿದ್ದರೆ 8ರ ಎರಡು ಬೇಡ, 16ರ ಒಂದೇ ಪಟ್ಟಿ ಹಾಕಿ. ಒಂದು ಪಟ್ಟಿಯಲ್ಲಿ ವೇಗ ಸ್ವಲ್ಪ ಕಡಿಮೆ, ಆದರೆ ಆಮೇಲೆ ಅದೇ ಮಾಡೆಲ್‌ನ ಇನ್ನೊಂದು ಸೇರಿಸಬಹುದು. ಡಿಡಿಆರ್5ನಲ್ಲಿ ನಾಲ್ಕು ಪಟ್ಟಿ ಹಾಕಿದರೆ ಸಾಮಾನ್ಯವಾಗಿ ವೇಗ ಇಳಿಸಿ ಓಡಿಸಬೇಕಾಗುತ್ತೆ, ಹಾಗಾಗಿ 8ರ ಜೋಡಿ ಕೊಂಡವರು ಮುಂದೆ ಅವನ್ನು ತೆಗೆದೇ ಹಾಕಬೇಕಾಗಬಹುದು.

ಎಸ್‌ಎಸ್‌ಡಿ: 1 ಟಿಬಿ ಎನ್‌ವಿಎಂಇ, ಟಿಎಲ್‌ಸಿ ಮಾದರಿ. ಅತಿ ವೇಗದ ಜೆನ್ 5ಕ್ಕೆ ಹೆಚ್ಚು ಕೊಡಬೇಡಿ, ಡಿಸೈನ್ ಕೆಲಸದಲ್ಲಿ ಆ ವ್ಯತ್ಯಾಸ ಕಣ್ಣಿಗೆ ಬೀಳುವುದು ಅಪರೂಪ. ಅದರ ಬದಲು ಬ್ಯಾಕಪ್‌ಗೆ ಒಂದು ಹೊರಗಿನ ಡಿಸ್ಕ್ ತೊಗೊಳ್ಳಿ. ಗ್ರಾಹಕರ ಫೈಲ್ ಕಳೆದರೆ ವಾಪಸ್ ಬರಲ್ಲ.

ಪವರ್ ಸಪ್ಲೈ: ಹೆಸರುವಾಸಿ ಕಂಪನಿಯ 550 ವಾಟ್. ‘80 ಪ್ಲಸ್’ ಗುರುತು ವಿದ್ಯುತ್ ಎಷ್ಟು ವ್ಯರ್ಥ ಆಗುತ್ತೆ ಅಂತ ಹೇಳುತ್ತೆ, ಒಳಗಿನ ಗುಣಮಟ್ಟಕ್ಕೆ ಅದು ಗ್ಯಾರಂಟಿ ಅಲ್ಲ. ತೀರಾ ಅಗ್ಗದ್ದು ಕೆಟ್ಟರೆ ಜೊತೆಗೆ ಬೇರೆ ಪಾರ್ಟ್ಸನ್ನೂ ಕೆಡಿಸಬಹುದು. ಉಳಿತಾಯ ಮಾಡಬೇಕೆಂದರೆ ಕೇಸ್‌ನಲ್ಲಿ ಮಾಡಿ: ಗಾಜು, ಬಣ್ಣದ ದೀಪ ಬೇಡ, ಗಾಳಿ ಆಡಿದರೆ ಸಾಕು.

ಗ್ರಾಫಿಕ್ಸ್ ಕಾರ್ಡ್: 3ಡಿ, ವಿಡಿಯೋ ಮಾಡುವವರು ಹೊಸ ಮಾಡೆಲ್‌ಗಿಂತ ಮೊದಲು ಮೆಮೊರಿ ನೋಡಿ. ದೃಶ್ಯ ಕಾರ್ಡ್‌ನ ಮೆಮೊರಿಗೆ ಹಿಡಿಸದಿದ್ದರೆ ರೆಂಡರ್ ಬಹಳ ನಿಧಾನ ಆಗುತ್ತೆ, ಇಲ್ಲವೇ ನಿಂತೇ ಹೋಗುತ್ತೆ. ಒಂದೇ ಹೆಸರಿನಲ್ಲಿ ಎರಡು ರೂಪ ಇರುತ್ತವೆ: ಆರ್‌ಟಿಎಕ್ಸ್ 3060 ಕಾರ್ಡ್ 12 ಜಿಬಿಯಲ್ಲೂ ಇದೆ, 8ರಲ್ಲೂ ಇದೆ. ಬ್ಲೆಂಡರ್‌ಗೆ ಎಎಂಡಿ, ಇಂಟೆಲ್ ಕಾರ್ಡ್‌ಗಳೂ ನಡೆಯುತ್ತವೆ, ಆದರೆ ಎನ್‌ವಿಡಿಯಾ ಸಾಮಾನ್ಯವಾಗಿ ಮುಂದೆ.

ಕರೆಂಟ್ ಬಿಲ್ಲನ್ನೂ ಮರೆಯಬೇಡಿ. ದೊಡ್ಡ ಕಾರ್ಡ್ ಸರಾಸರಿ 100 ವಾಟ್ ಹೆಚ್ಚು ಎಳೆದರೆ, ದಿನಕ್ಕೆ 8 ಗಂಟೆ, 220 ದಿನಕ್ಕೆ 176 ಯೂನಿಟ್. ಯೂನಿಟ್‌ಗೆ 35 ಸೆಂಟ್ ಹಿಡಿದರೆ ವರ್ಷಕ್ಕೆ ಸುಮಾರು 62 ಯೂರೊ.

ಸಾಫ್ಟ್‌ವೇರ್ ಎಂಬ ತಿಂಗಳ ಬಾಡಿಗೆ

ಪಾರ್ಟ್ಸ್ ಬೆಲೆ ಒಂದೇ ಸಲ, ಸಬ್‌ಸ್ಕ್ರಿಪ್ಷನ್ ಪ್ರತಿ ತಿಂಗಳು. ತಿಂಗಳ ಮೊತ್ತವನ್ನು 36ರಿಂದ ಗುಣಿಸಿ ನೋಡಿ, ಕೆಲವೊಮ್ಮೆ ಅದು ಇಡೀ ಪೆಟ್ಟಿಗೆಯ ಬೆಲೆ ದಾಟುತ್ತೆ. ಗ್ರಾಹಕರು ಅಡೋಬಿ ಫೈಲೇ ಬೇಕು ಅಂದರೆ ಬೇರೆ ದಾರಿ ಇಲ್ಲ. ಇಲ್ಲವಾದರೆ ಅಫಿನಿಟಿ 2025ರ ಅಕ್ಟೋಬರ್‌ನಿಂದ ಉಚಿತ. ಇಂಕ್‌ಸ್ಕೇಪ್, ಕ್ರಿಟಾ, ಬ್ಲೆಂಡರ್ ಕೂಡ ಉಚಿತ.

ತೆರಿಗೆ ಲೆಕ್ಕ

2021ರ ಫೆಬ್ರವರಿಯ ಹಣಕಾಸು ಸಚಿವಾಲಯದ ಸುತ್ತೋಲೆಯಂತೆ ಕಂಪ್ಯೂಟರ್, ಅದರ ಉಪಕರಣ ಮತ್ತು ಸಾಫ್ಟ್‌ವೇರ್‌ಗೆ ಒಂದೇ ವರ್ಷದ ಬಾಳಿಕೆ ಹಿಡಿಯಬಹುದು. ಅಂದರೆ ಕೊಂಡ ವರ್ಷವೇ ಪೂರ್ತಿ ಖರ್ಚು ತೋರಿಸಬಹುದು. ಆದರೆ ಖರ್ಚು ತೋರಿಸುವುದು ಎಂದರೆ ಅಷ್ಟೂ ಹಣ ವಾಪಸ್ ಬರುತ್ತೆ ಅಂತಲ್ಲ. 1,000 ಯೂರೊ ಕಂಪ್ಯೂಟರ್ 80% ಕೆಲಸಕ್ಕೆ ಬಳಕೆ ಎಂದರೆ ಖರ್ಚು 800. ನಿಮ್ಮ ಮೇಲಿನ ಹಂತದ ತೆರಿಗೆ 30% ಇದ್ದರೆ ಉಳಿಯುವುದು 240. ಉಳಿದ 760 ನಿಮ್ಮ ಜೇಬಿನದ್ದೇ. ಸಂಬಳದವರಿಗೆ ಇನ್ನೊಂದು ಮಾತು: 1,230 ಯೂರೊ ತನಕ ಹೇಗೂ ರಿಯಾಯಿತಿ ಸಿಕ್ಕಿರುತ್ತೆ, ಅದನ್ನು ಮೀರಿದ್ದಕ್ಕೆ ಮಾತ್ರ ಲಾಭ.

ಬೆಲೆಯೊಳಗೆ 19% ವ್ಯಾಟ್ ಇದೆ, 1,000ದಲ್ಲಿ ಸುಮಾರು 160 ಯೂರೊ. ಕ್ಲೈನ್‌ಉಂಟರ್‌ನೇಮರ್ ಆಗಿ ಶುರು ಮಾಡಿದರೆ ಇದು ವಾಪಸ್ ಬರಲ್ಲ. ಸಣ್ಣ ಗ್ರಾಹಕರೇ ಇದ್ದರೆ ಆ 160ಕ್ಕೋಸ್ಕರ ವ್ಯಾಟ್ ಫೈಲಿಂಗ್ ತಲೆನೋವು ಬೇಕಾ ಅಂತ ಯೋಚಿಸಿ. ಬಿಲ್ ಮಾತ್ರ ಕೆಲಸ ಮಾಡುವವರ ಹೆಸರಿನಲ್ಲೇ ಇರಲಿ.

ಎಲ್ಲಿ ಕೊಳ್ಳೋದು?

‘ಊರಿಗೆ ಹೋದಾಗ ಎಸ್‌.ಪಿ. ರೋಡ್‌ನಿಂದ ತರೋಣವಾ?’ ಅನ್ನೋ ಯೋಚನೆ ಸಹಜ. ಅಲ್ಲೂ 18% ಜಿಎಸ್‌ಟಿ ಇದೆ. ವಾರಂಟಿಗೆ ಬಹಳಷ್ಟು ಸಲ ಭಾರತಕ್ಕೇ ಕಳಿಸಬೇಕು. ವಿಮಾನದಲ್ಲಿ ತರುವ ಸಾಮಾನು ಒಬ್ಬರಿಗೆ 430 ಯೂರೊ ಮೀರಿದರೆ ಇಲ್ಲಿನ ಕಸ್ಟಮ್ಸ್‌ನಲ್ಲಿ ಹೇಳಿ ತೆರಿಗೆ ಕಟ್ಟಬೇಕು. ಲಾಭ ಉಳಿಯೋದು ಕಡಿಮೆ.

ಇಲ್ಲೇ ಆನ್‌ಲೈನ್‌ನಲ್ಲಿ ಕೊಂಡರೆ 14 ದಿನ ವಾಪಸ್ ಮಾಡುವ ಹಕ್ಕಿದೆ, ಅಂಗಡಿಯವರ ಮೇಲೆ ಎರಡು ವರ್ಷದ ಗೆವೆರ್‌ಲೈಸ್ಟುಂಗ್ ಇದೆ. ಇವು ಖಾಸಗಿ ಗ್ರಾಹಕರಿಗೆ ಇರುವ ರಕ್ಷಣೆ. ಸಂಸ್ಥೆಯ ಹೆಸರಿನಲ್ಲಿ ಕೊಂಡರೆ ಷರತ್ತು ಬೇರೆ, ಮೊದಲೇ ಓದಿಕೊಳ್ಳಿ. ಗೈಟ್ಸ್‌ಹಾಲ್ಸ್, ಇಡಿಯಾಲೊ ತಾಣಗಳಲ್ಲಿ ಹಳೆಯ ಬೆಲೆಯ ಗ್ರಾಫ್ ನೋಡಿ, ‘ಆಫರ್’ ನಿಜವಾ ಅಂತ ಗೊತ್ತಾಗುತ್ತೆ. ಕೇಸ್, ಮಾನಿಟರ್ ಸೆಕೆಂಡ್ ಹ್ಯಾಂಡ್ ಆದರೂ ಸರಿ. ಪವರ್ ಸಪ್ಲೈ ಮತ್ತು ಎಸ್‌ಎಸ್‌ಡಿ ಹೊಸದೇ ಇರಲಿ.

ಗ್ರಾಫಿಕ್ಸ್ ಕಾರ್ಡ್‌ನ ಜಾಗ ಸದ್ಯ ಖಾಲಿ ಇರಲಿ. ಮೂರು ತಿಂಗಳು ಸತತವಾಗಿ ವಿಡಿಯೋ ಅಥವಾ 3ಡಿ ಕೆಲಸಕ್ಕೆ ಬಿಲ್ ಹಾಕಿದ್ದೀರಿ ಅಂದಾಗ, ಆ ಕೆಲಸದ ಹಣದಿಂದಲೇ ಕಾರ್ಡ್ ತನ್ನಿ. ಆಗ ನಿಮ್ಮ ಉಳಿತಾಯಕ್ಕೆ ಮತ್ತೆ ಕೈ ಹಾಕಬೇಕಾಗಲ್ಲ.