ನುಂಗುವ ಕುಳಿಯ ಬೆಳಕು

೨೦೨೪ರ ಜನವರಿ ೧ರ ಬೆಳಗ್ಗೆ ನಾವು ಸಂಸಾರಸಮೇತರಾಗಿ ಮಹಡಿಯ ಮೇಲೆ ನಿಂತು ಉತ್ತರ ದಿಕ್ಕನ್ನೇ ನೋಡುತ್ತಿದ್ದೆವು. ಶ್ರೀಹರಿಕೋಟೆ ನಮ್ಮ ಚೆನ್ನೈಗೆ ಬಹು ದೂರವೇನಲ್ಲ. ೯-೧೦ಕ್ಕೆ ಅಲ್ಲಿಂದ ಎಕ್ಸ್‌ಪೋಸ್ಯಾಟ್ ಎಂಬ ಉಪಗ್ರಹ ಮೇಲೇರಿತು. ನಮಗೆ ಕಂಡದ್ದು ಎದುರುಮನೆಯ ನೀರಿನ ಟ್ಯಾಂಕು ಮಾತ್ರ!

ಕಪ್ಪುರಂಧ್ರ ಮೊದಲಾದ ಕಡೆಗಳಿಂದ ಬರುವ ಕ್ಷಕಿರಣಗಳನ್ನು ಪರೀಕ್ಷಿಸಲು ಅದು ಹೋಗಿದೆಯೆಂದು ನಾವು ದೊಡ್ಡಸ್ತಿಕೆಯಿಂದ ಹೇಳಿದೆವು. ಮಗಳು ಬಿಡಲಿಲ್ಲ: "ಅಪ್ಪಾ, ಅದು ಬೆಳಕನ್ನೂ ನುಂಗುತ್ತೆ ಅಂತೀರಿ. ಮತ್ತೆ ಕಿರಣ ಹೇಗೆ ಬರುತ್ತೆ?"

ಅವಳ ಶಾಲೆಯ ಪಾಠವೆಲ್ಲ ಇಂಗ್ಲಿಷು. ಬೀದಿಯ ಮಾತು ತಮಿಳು. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಸಿಕ್ಕದಿದ್ದರೆ, ಈ ಭಾಷೆ ಊಟ ತಿಂಡಿಗಷ್ಟೇ ಎಂದು ಅವಳು ತಿಳಿದಾಳು. ಬರಿಯ ಬಿ.ಎ. ಗುಮಾಸ್ತರಾದ ನಾವು ಎರಡು ದಿನದ ಗಡುವು ಕೇಳಿ ಪುಸ್ತಕ ತಿರುವಿದೆವು.

ಬಚ್ಚಲ ನೀರು ತೂಬಿನ ಸುತ್ತ ಸುಳಿ ತಿರುಗಿ ಇಳಿಯುವುದಲ್ಲವೆ? ಜೋಡಿ ನಕ್ಷತ್ರಗಳಲ್ಲಿ ಒಂದು ಕಪ್ಪುರಂಧ್ರವಾದರೆ, ಸಂಗಾತಿಯ ಅನಿಲವನ್ನು ಅದು ಹಾಗೆಯೇ ಸುತ್ತಿಸಿ ಎಳೆದುಕೊಳ್ಳುತ್ತದೆ. ಅನಿಲ ತಟ್ಟೆಯಾಗಿ ಹರಡಿ, ಪದರಕ್ಕೆ ಪದರ ಉಜ್ಜಿ, ಒಳ ಅಂಚಿನಲ್ಲಿ ಸುಮಾರು ಕೋಟಿ ಡಿಗ್ರಿ ಕಾಯುತ್ತದೆ. ಅಷ್ಟು ಕಾದ ಅನಿಲ ಕ್ಷಕಿರಣ ಸೂಸುತ್ತದೆ. ಕಿರಣ ಹೊರಡುವುದು ಹೊಸಿಲಿನ ಹೊರಗಿನಿಂದ. ಹೊಸಿಲು ದಾಟಿದ್ದು ಹಿಂದಿರುಗದು.

ಸಿಗ್ನಸ್ ಎಕ್ಸ್-೧ ಇಂಥದು. ದೂರ ಸುಮಾರು ೭,೨೦೦ ಜ್ಯೋತಿರ್ವರ್ಷ. ತೂಕ ಸೂರ್ಯನ ಸುಮಾರು ೨೧ ಪಟ್ಟು. ಸಂಗಾತಿಯೊಡನೆ ಒಂದು ಸುತ್ತಿಗೆ ೫.೬ ದಿನ. ನಮ್ಮ ವಾಯುಮಂಡಲ ಕ್ಷಕಿರಣವನ್ನು ತಡೆಯುವುದರಿಂದ, ೧೯೬೪ರಲ್ಲಿ ರಾಕೆಟ್ಟು ಹಾರಿಸಿಯೇ ಅದನ್ನು ಪತ್ತೆಮಾಡಬೇಕಾಯಿತು.

ಕೆಲವು ಗೆಲಾಕ್ಸಿಗಳ ನಡುವೆಯೂ ಇದೇ ವ್ಯಾಪಾರ. ಅಲ್ಲಿನ ರಂಧ್ರ ಕೋಟಿ ಸೂರ್ಯರಷ್ಟು ತೂಗಬಲ್ಲದು. ತಟ್ಟೆ ವಿಶಾಲವಾದ್ದರಿಂದ ಕಾವು ಕಡಮೆ. ಅದು ಮುಖ್ಯವಾಗಿ ಸೂಸುವುದು ನೇರಳಾತೀತ ಬೆಳಕನ್ನು. ರಂಧ್ರದ ಬಳಿಯ ಅತಿ ಬಿಸಿಯಾದ ಅನಿಲ ಆ ಬೆಳಕಿಗೆ ಶಕ್ತಿ ತುಂಬಿ ಕ್ಷಕಿರಣವಾಗಿಸುತ್ತದೆ.

ಎಕ್ಸ್‌ಪೋಸ್ಯಾಟಿನ ಪೋಲಿಕ್ಸ್ ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಿದ್ಧವಾದದ್ದು. ಇನ್ನು ಈ ಊರಿನ ಪಾಲು? ಇಲ್ಲಿಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಎಸ್. ಚಂದ್ರಶೇಖರ್ ೧೯೩೦ರಲ್ಲಿ, ೧೯ರ ವಯಸ್ಸಿನಲ್ಲಿ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲೇ ಶ್ವೇತಕುಬ್ಜ ನಕ್ಷತ್ರಗಳ ತೂಕಕ್ಕೆ ಮಿತಿಯುಂಟೆಂದು ಲೆಕ್ಕ ಹಾಕಿದರು. ೧೯೯೯ರಲ್ಲಿ ಅಮೆರಿಕ ಹಾರಿಸಿದ ಕ್ಷಕಿರಣ ದೂರದರ್ಶಕದ ಹೆಸರು "ಚಂದ್ರ". ಅದು ಅವರ ಹೆಸರೇ.

ಮಗಳು ಅಂದೇ ಮೈಸೂರಿನ ಅಜ್ಜಿಗೆ ಫೋನು ಮಾಡಿ ಬಚ್ಚಲ ಕಥೆಯನ್ನು ಅಚ್ಚಗನ್ನಡದಲ್ಲಿ ಒಪ್ಪಿಸಿದಳು. "ನುಂಗಿದ್ದೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತೆ, ನಿಮ್ಮಪ್ಪನ್ನ ಕೇಳು" ಎಂದರಂತೆ ಅಜ್ಜಿ. ನಾವು ಮತ್ತೆ ಗಡುವು ಕೇಳಿದ್ದೇವೆ.