ನೆಲೆಯಿಲ್ಲದವರೂ ಪೌರರೇ

ಸಂತೆ ಮುಗಿದ ಮೇಲೆ ಸಂತೆಕಟ್ಟೆಯಲ್ಲಿ ಉಳಿಯುವುದೇನು? ವ್ಯಾಪಾರಿಯು ಮೂಟೆ ಕಟ್ಟಿಕೊಂಡು ಹೊರಟುಹೋಗುವನು. ಗಿರಾಕಿಯು ಚೀಲವನ್ನು ಹೊತ್ತು ಬಸ್ಸನ್ನೇರುವನು. ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ವಾಹನಗಳು ಮಾತ್ರ ಓಡುತ್ತಿರುವುವು. ಆ ಹೊತ್ತಿನಲ್ಲಿ ಬಾಗಿಲಿಕ್ಕಿದ ಅಂಗಡಿಗಳ ಜಗಲಿಗೆ ಒಬ್ಬೊಬ್ಬರಾಗಿ ಬಂದು, ಗೋಣಿಯನ್ನು ಹಾಸಿ, ಗಂಟನ್ನು ತಲೆದಿಂಬಾಗಿಟ್ಟು ಮಲಗುವವರುಂಟು. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವುದಕ್ಕೆ ಮುಂಚೆಯೇ ಅವರು ಎದ್ದುಹೋಗಿರುತ್ತಾರೆ. ಆದುದರಿಂದ ಹಗಲಿನ ಪೌರರಿಗೆ ರಾತ್ರಿಯ ಈ ಪೌರರ ಗುರುತೇ ಇಲ್ಲ. ಇದು ಸಂತೆಕಟ್ಟೆಯೊಂದರ ಮಾತೂ ಅಲ್ಲ. ಉಡುಪಿಯ ಬಸ್ ನಿಲ್ದಾಣ, ಮಲ್ಪೆಯ ಬಂದರು, ಕಾಪು ಕಾರ್ಕಳಗಳ ಪೇಟೆಬೀದಿಗಳು, ಇವೆಲ್ಲವುಗಳಿಗೂ ಹೀಗೆಯೇ ಒಂದು ರಾತ್ರಿಯ ಮುಖವುಂಟು.

ಇಂತಹವರ ವಿಷಯದಲ್ಲಿ ನಮ್ಮ ಊರುಗಳಿಗೆ ಇದುವರೆಗೆ ತಿಳಿದಿರುವ ಉಪಾಯಗಳು ಎರಡೇ. ಕೈಗೆ ಕಾಸು ಹಾಕಿ ಮುಂದೆ ನಡೆಯುವುದು ಒಂದು. ಕಣ್ಣಿಗೆ ಬೀಳದ ಕಡೆಗೆ ಸಾಗಿಸಿಬಿಡುವುದು ಇನ್ನೊಂದು. ಮೊದಲನೆಯದರಲ್ಲಿ ದಯೆಯುಂಟು, ವ್ಯವಸ್ಥೆಯಿಲ್ಲ. ಎರಡನೆಯದರಲ್ಲಿ ವ್ಯವಸ್ಥೆಯುಂಟು, ದಯೆಯಿಲ್ಲ. ಈ ಎರಡರಲ್ಲಿಯೂ ಇಲ್ಲದ ಸಂಗತಿ ಮತ್ತೊಂದಿದೆ. ನಿನಗೆ ಬೇಕಾದುದೇನು ಎಂದು ಆ ಮನುಷ್ಯನನ್ನು ಯಾರೂ ಕೇಳಿದವರಲ್ಲ. ಜೋಡು ಎಲ್ಲಿ ಕಚ್ಚುವುದೆಂಬುದು ತೊಟ್ಟವನಿಗೇ ತಿಳಿದುದು. ಕೇಳದೆ ಕಟ್ಟಿದ ಆಶ್ರಯವು ಬರಿದಾಗಿ ನಿಲ್ಲುವುದು, ಇಲ್ಲವೆ ಸೆರೆಮನೆಯಾಗಿ ಪರಿಣಮಿಸುವುದು. ಇದೇ ನಾವು ಇಂದು ವಾಚಕರ ಮುಂದಿಡಬೇಕೆಂದಿರುವ ಮಾತು.

ನೆಲೆಯಿಲ್ಲದವರೆಲ್ಲರೂ ಒಂದೇ ಬಗೆಯವರೆಂದು ತಿಳಿಯುವುದೇ ಮೊದಲನೆಯ ತಪ್ಪು. ಬಾಗಲಕೋಟೆ, ಕೊಪ್ಪಳ, ಗದಗ ಮುಂತಾದ ಕಡೆಗಳಿಂದ ಕೂಲಿಗಾಗಿ ಬಂದು ಉಡುಪಿಯ ಬೀಡಿನಗುಡ್ಡೆಯಂತಹ ಕಡೆಗಳಲ್ಲಿ ಬೀಡುಬಿಟ್ಟಿರುವ ಕುಟುಂಬಗಳನ್ನು ಯಾರು ತಾನೆ ಅರಿಯರು? ನಮ್ಮ ಮನೆಗಳ ಗೋಡೆಗಳನ್ನೆತ್ತಿದವರು ಅವರು. ಮಲ್ಪೆಯ ದೋಣಿಗಳಲ್ಲಿ ದುಡಿಯುವ ಹೊರರಾಜ್ಯದ ಮೀನುಗಾರ ಕಾರ್ಮಿಕರಲ್ಲಿ ಅನೇಕರಿಗೆ ದೋಣಿಯೇ ಮನೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಮಳೆಗಾಲದ ನಡುವಿನಲ್ಲಿಯೇ ಆ ಮನೆಯೂ ದಡಕ್ಕೆ ಕಟ್ಟಿಬಿಡುವುದು. ಮಕ್ಕಳು ಕೈಬಿಟ್ಟ ಮುದುಕರು ಬೇರೆ. ಗಂಡನ ಹೊಡೆತಕ್ಕೆ ಅಂಜಿ ಮನೆಬಿಟ್ಟು ಬಂದ ಹೆಂಗಸು ಬೇರೆ. ಬುದ್ಧಿಭ್ರಮಣೆಯಿಂದ ಊರೂರು ಅಲೆಯುವವನು ಬೇರೆ. ಕೂಲಿಕಾರನಿಗೆ ಬೇಕಾದುದು ಕೆಲಸದ ಜಾಗಕ್ಕೆ ಸಮೀಪವಾದ ಅಗ್ಗದ ಬಾಡಿಗೆಯ ಕೋಣೆ, ಮುದುಕನಿಗೆ ಬೇಕಾದುದು ಊಟ, ಔಷಧ, ಹೆಂಗಸಿಗೆ ಒಳಗಿನಿಂದ ಹಾಕಿಕೊಳ್ಳಬಹುದಾದ ಅಗುಳಿ, ರೋಗಿಗೆ ಚಿಕಿತ್ಸೆ. ಇವರೆಲ್ಲರನ್ನೂ ಒಂದೇ ಹಜಾರದಲ್ಲಿ ಸಾಲಾಗಿ ಮಲಗಿಸಿ ಕರ್ತವ್ಯ ಮುಗಿಯಿತೆಂದು ಎಣಿಸುವುದು ಆಡಳಿತವೆನಿಸದು.

ಇನ್ನು ಇವರ ಲೆಕ್ಕದ ವಿಷಯ. 2011ರ ಜನಗಣತಿಯಂತೆ ಭಾರತದಲ್ಲಿ ಮನೆಯಿಲ್ಲದವರು 17 ಲಕ್ಷ 73 ಸಾವಿರ; ಅವರಲ್ಲಿ 9 ಲಕ್ಷ 38 ಸಾವಿರ ಜನರು ಪಟ್ಟಣವಾಸಿಗಳು. ಈ ಎಣಿಕೆ ನಡೆದುದು 2011ರ ಫೆಬ್ರವರಿ 28ರ ರಾತ್ರಿ. ನಮ್ಮ ಕರಾವಳಿಯಲ್ಲಿ ಫೆಬ್ರವರಿಯ ರಾತ್ರಿಯೆಂದರೆ ಆಕಾಶ ತಿಳಿಯಾಗಿರುವ ಕಾಲ. ಸಮುದ್ರದ ಮಳಲಿನ ಮೇಲಾದರೂ, ಮರದ ಕೆಳಗಾದರೂ ಮಲಗಬಹುದು. ಜುಲೈ ತಿಂಗಳಿನ ಸ್ಥಿತಿಯು ಆ ರಾತ್ರಿಯ ಎಣಿಕೆಯಿಂದ ತಿಳಿಯಲಾರದು. ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರದಿನವಾಗಿ ಕೇಂದ್ರ ಸರಕಾರವು 2025ರ ಜೂನಿನಲ್ಲಿ ಪ್ರಕಟಿಸಿದೆ. ಆ ಎಣಿಕೆಯೂ ಬೇಸಗೆಯ ಬಾಗಿಲಿನದೇ ಆಗಿರುವುದು. ಆದುದರಿಂದ ದೇಶದ ಲೆಕ್ಕವನ್ನೇ ನೆಚ್ಚಿ ಕುಳಿತಿರದೆ, ಊರಿನ ಲೆಕ್ಕವನ್ನು ಊರವರೇ ಮಾಡಿಕೊಳ್ಳಬೇಕಾದುದು ಅವಶ್ಯ.

ಕಾನೂನಿನ ಬೆಂಬಲವಿಲ್ಲವೆಂದು ಹೇಳುವಂತಿಲ್ಲ. 2009ರ ಡಿಸೆಂಬರಿನಲ್ಲಿ, ಕೊರೆಯುವ ಚಳಿಯಲ್ಲಿ, ದಿಲ್ಲಿಯ ಪೂಸಾ ರಸ್ತೆಯಲ್ಲಿದ್ದ ತಾತ್ಕಾಲಿಕ ಆಶ್ರಯವನ್ನು ಅಲ್ಲಿನ ನಗರಪಾಲಿಕೆಯು ಕಿತ್ತುಹಾಕಿತು. ಆ ಬಳಿಕ 2010ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮಧ್ಯೆ ಪ್ರವೇಶಿಸಿತು. ಲಕ್ಷ ಜನಸಂಖ್ಯೆಗೊಂದು ಆಶ್ರಯಸ್ಥಾನವಿರಬೇಕೆಂಬ ಸೂತ್ರವು ಈ ಮೊಕದ್ದಮೆಯಿಂದ ದೇಶಕ್ಕೆಲ್ಲ ಪರಿಚಿತವಾಯಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ಅದನ್ನು ಯೋಜನೆಯ ರೂಪಕ್ಕೆ ತಂದು, ಲಕ್ಷ ಜನರಿರುವ ಪಟ್ಟಣದಲ್ಲಿ ಕನಿಷ್ಠ 100 ಮಂದಿಗೆ ಸ್ಥಳ, ತಲೆಗೆ 50 ಚದರಡಿ ಎಂದು ಗೊತ್ತುಪಡಿಸಿತು. ಆಶ್ರಯವು ಸಾಧ್ಯವಾದಮಟ್ಟಿಗೆ ಬಸ್ ನಿಲ್ದಾಣ, ಮಾರುಕಟ್ಟೆ ಮೊದಲಾದ, ಜನರು ದುಡಿಯುವ ಸ್ಥಳಗಳ ಸಮೀಪದಲ್ಲಿರಬೇಕೆಂದೂ ಹೇಳಿತು. ಇವೆಲ್ಲವೂ ಒಳ್ಳೆಯವೇ. ಆದರೆ ಈ ನಿಯಮಗಳು ಹುಟ್ಟಿದುದು ದಿಲ್ಲಿಯ ಚಳಿಯಲ್ಲಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಉಡುಪಿಯಲ್ಲಿ ಕೊಲ್ಲುವುದು ಚಳಿಯಲ್ಲ, ನೀರು. 2020ರ ಸೆಪ್ಟೆಂಬರ್ 20ರಂದು ನೆರೆಯು ಉಡುಪಿಯ ಮನೆಗಳೊಳಕ್ಕೇ ನುಗ್ಗಿದಾಗ, ಮನೆಯೇ ಇಲ್ಲದವರ ಪಾಡೇನಾಗಿರಬಹುದೆಂದು ಊಹಿಸಿದರೆ ಸಾಕು. ನಮ್ಮಲ್ಲಿ ಆಶ್ರಯದ ಏರ್ಪಾಡು ಮೇ ತಿಂಗಳ ಕೊನೆಗೆ ಸಿದ್ಧವಾಗಿರತಕ್ಕದ್ದು. ದಿಲ್ಲಿಯ ಪಂಚಾಂಗವು ನಮಗೆ ಹೊಂದುವುದಿಲ್ಲ.

ಕೇಳದೆ ಮಾಡಿದ ಉಪಕಾರದ ಗತಿಯೇನೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಉದಾಹರಣೆಯಿದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯಿದೆಯು ಬೇಡುವುದನ್ನು ಅಪರಾಧವೆಂದು ಎಣಿಸಿ, ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಗಳಲ್ಲಿ ಇರಿಸುವುದಕ್ಕೆ ಅವಕಾಶ ಕೊಟ್ಟಿತು. ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಕೆಲವೇ ದಿನಗಳೊಳಗಾಗಿ ಅನೇಕ ಮಂದಿ ಸತ್ತುಹೋದರು. ಆ ಸುದ್ದಿಯನ್ನು ಓದಿ ನಾಡಿಗೆ ನಾಡೇ ತಲೆತಗ್ಗಿಸಿತು. ಅಟ್ಟದ ಮೇಲಿಂದ ಬಿದ್ದವನಿಗೆ ದಡಿಗೆ ತೆಗೆದು ಹೇರಿದರೆಂಬ ಗಾದೆಯು ಇದಕ್ಕಿಂತ ಚೆನ್ನಾಗಿ ಒಪ್ಪುವ ಸಂದರ್ಭವು ಮತ್ತೊಂದಿರಲಾರದು. ಬಡತನವನ್ನು ಅಪರಾಧವಾಗಿ ನೋಡುವುದು ಸಲ್ಲದೆಂಬ ಭಾವನೆಯು ಈಗ ನ್ಯಾಯಾಲಯಗಳಲ್ಲಿಯೂ ಮೂಡಿದೆ. ಬೊಂಬಾಯಿಯ ಭಿಕ್ಷಾಟನೆ ಕಾಯಿದೆಯು ದಿಲ್ಲಿಗೆ ಅನ್ವಯಿಸುತ್ತಿದ್ದಷ್ಟು ಮಟ್ಟಿಗೆ, ಭಿಕ್ಷೆಯನ್ನು ಅಪರಾಧವಾಗಿಸುವ ಅದರ ವಿಧಿಗಳನ್ನು ದಿಲ್ಲಿಯ ಉಚ್ಚ ನ್ಯಾಯಾಲಯವು 2018ರ ಆಗಸ್ಟಿನಲ್ಲಿ ರದ್ದುಮಾಡಿತು.

ತೆರಿಗೆ ಕೊಡುವ ಮಹಾಶಯರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮೇಲಿನ 1975ರ ಕಾಯಿದೆಯಂತೆ, ಕಟ್ಟಡ ಭೂಮಿಗಳ ತೆರಿಗೆಯ ಮೇಲೆ ಶೇಕಡಾ 3ರಂತೆ ಒಂದು ಉಪಕರವನ್ನು ಸ್ಥಳೀಯ ಸಂಸ್ಥೆಗಳು ವಸೂಲುಮಾಡಿ ಕೇಂದ್ರ ಪರಿಹಾರ ಸಮಿತಿಗೆ ಒಪ್ಪಿಸಬೇಕಾಗಿದೆ. ಎಂದರೆ, ಸ್ವಂತ ಮನೆಯುಳ್ಳ ಪ್ರತಿಯೊಬ್ಬನೂ ಮನೆಯಿಲ್ಲದವನ ಹೆಸರಿನಲ್ಲಿ ಹಣ ತೆರುವವನೇ. ನಮ್ಮ ಊರಿನಿಂದ ಎಷ್ಟು ಹೋಯಿತು, ನಮ್ಮ ಊರಿನ ನಿರಾಶ್ರಿತನಿಗೆ ಎಷ್ಟು ಬಂದಿತು, ಎಂದು ಕೇಳುವುದು ತೆರಿಗೆದಾರನ ಹಕ್ಕು. ವರ್ಷಕ್ಕೊಮ್ಮೆ ಆ ಲೆಕ್ಕವನ್ನು ಬಹಿರಂಗವಾಗಿ ಓದಿ ಹೇಳುವುದು ಅಧಿಕಾರಿಗಳ ಕರ್ತವ್ಯ.

ಕೇಳಿ ಮಾಡಿದ ಕೆಲಸದ ಫಲವೇನೆಂಬುದನ್ನು ಮುಂಬಯಿಯಲ್ಲಿ ನೋಡಬಹುದು. 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ಓಲ್ಗಾ ಟೆಲಿಸ್ ಅವರ ಪ್ರಖ್ಯಾತ ಮೊಕದ್ದಮೆಯಲ್ಲಿ, ಜೀವಿಸುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಅಡಕವಾಗಿದೆಯೆಂದು ಹೇಳಿತಾದರೂ, ಕಾಲುದಾರಿಯ ಗುಡಿಸಲುಗಳನ್ನು ತೆಗೆಯಬಾರದೆಂದು ಹೇಳಲಿಲ್ಲ. ಅದೇ ವರ್ಷ ಸ್ಪಾರ್ಕ್ ಎಂಬ ಸಂಸ್ಥೆಯು ಬೈಕಲಾದ ಕಾಲುದಾರಿಯ ನಿವಾಸಿಗಳನ್ನು ಕೂಡಿಕೊಂಡು ಸುಮಾರು 6000 ಕುಟುಂಬಗಳ ಗಣತಿಯನ್ನು ನಡೆಸಿತು. ಎಲ್ಲಿಂದ ಬಂದರು, ಏನು ಕೆಲಸ, ಎಷ್ಟು ವರ್ಷಗಳಿಂದ ಎಂಬುದೆಲ್ಲವೂ ಮೊದಲಬಾರಿಗೆ ಬರಹಕ್ಕಿಳಿಯಿತು. ಮುಂದೆ ಅಲ್ಲಿನ ಹೆಂಗಸರು ಮಹಿಳಾ ಮಿಲನ್ ಎಂಬ ಕೂಟವನ್ನು ಕಟ್ಟಿಕೊಂಡು ಚಿಲ್ಲರೆ ಉಳಿತಾಯ ಮಾಡಿದರು; ತಮಗೆ ಬೇಕಾದ ಮನೆ ಎಂತಹುದೆಂಬುದನ್ನು ಸೀರೆಗಳನ್ನು ಗೋಡೆಯಂತೆ ಹಿಡಿದು, ಅಳತೆ ಮಾಡಿ ತೋರಿಸಿದರು. ಇಂಜಿನಿಯರನ ಕಾಗದದ ಮೇಲಿನ ಗೆರೆಗಿಂತ ಆ ಸೀರೆಯ ಗೋಡೆಯು ಹೆಚ್ಚು ನಿಜವಾದ ನಕ್ಷೆಯಾಗಿತ್ತೆಂದು ನಾವು ಭಾವಿಸುತ್ತೇವೆ. ದಿಲ್ಲಿಯಲ್ಲಿಯೂ 2000ದ ಇಸವಿಯಲ್ಲಿ ಆಶ್ರಯ ಅಧಿಕಾರ ಅಭಿಯಾನದವರು ರಾತ್ರಿಯ ಬೀದಿಗಳಲ್ಲಿ ಅಲೆದು 52,765 ಮಂದಿಯನ್ನು ತಲೆಯೆಣಿಕೆ ಮಾಡಿದರು. ಎಣಿಸಿದ ಮೇಲೆ, ಇವರು ಇಲ್ಲವೆನ್ನುವುದಕ್ಕೆ ಯಾರಿಂದಲೂ ಆಗಲಿಲ್ಲ.

ಸಂತೆಯ ಊರಿಗೆ ಸಂತೆಯಿಂದಲೇ ಮತ್ತೊಂದು ಪಾಠವಿದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ಬೀದಿ ವ್ಯಾಪಾರಿಗಳವೇ. ಅವರೊಳಗೆ ಮೂರರಲ್ಲೊಂದು ಪಾಲು ಹೆಂಗಸರದು. ಹಗಲಿನಲ್ಲಿ ಬೀದಿಯ ಬದಿಯಲ್ಲಿ ಕೂರುವವನು ಅಧಿಕಾರಿಯ ಎದುರಿಗೆ ಕುರ್ಚಿಯಲ್ಲಿ ಕುಳಿತು ಮಾತನಾಡಬಹುದಾದರೆ, ರಾತ್ರಿಯಲ್ಲಿ ಅದೇ ಬೀದಿಯ ಬದಿಯಲ್ಲಿ ಮಲಗುವವನು ಏತಕ್ಕೆ ಮಾತನಾಡಬಾರದು? ಆಶ್ರಯದ ಸಮಿತಿಯಲ್ಲಿ ನೆಲೆಯಿಲ್ಲದ ಗಂಡಸರೂ ಹೆಂಗಸರೂ ಇರಲಿ. ಮೇಸ್ತ್ರಿಗಳೂ ಬಂದರಿನ ತಂಡೇಲರೂ ಇರಲಿ. ರಾತ್ರಿಯ ಬೀದಿಯನ್ನು ನಮಗಿಂತ ಚೆನ್ನಾಗಿ ಬಲ್ಲ ರಿಕ್ಷಾದವರೂ ಪೌರಕಾರ್ಮಿಕರೂ ಇರಲಿ.

ನೆರೆಯವರ ಆಕ್ಷೇಪಣೆಯನ್ನು ನಾವು ತಳ್ಳಿಹಾಕುವವರಲ್ಲ. ಆಶ್ರಯವು ತಮ್ಮ ಓಣಿಗೆ ಬಂದರೆ ಕಳವು, ಕುಡಿತ, ಹೊಲಸು ಹೆಚ್ಚುವುವೆಂದು ಗೃಹಸ್ಥನು ಹೆದರುವುದು ಸಹಜ. ಆ ಹೆದರಿಕೆಯನ್ನು ಬೈದು ಓಡಿಸಲಾಗದು, ಕರೆದು ಕೂರಿಸಿ ಕೇಳಬೇಕು. ಅದೇ ಸಮಿತಿಯಲ್ಲಿ ಓಣಿಯವರಿಗೂ ಸ್ಥಾನವಿರಲಿ. ದೊಡ್ಡದೊಂದು ಕೊಟ್ಟಿಗೆಯನ್ನು ಊರಾಚೆ ಕಟ್ಟುವುದರ ಬದಲು, ಚಿಕ್ಕಚಿಕ್ಕ ಆಶ್ರಯಗಳನ್ನು ಕೆಲಸದ ಸಮೀಪದಲ್ಲಿ ಏರ್ಪಡಿಸಿದರೆ ನೆರೆಯವರಿಗೆ ಮುಖ ಪರಿಚಯವಾಗುವುದು. ಪರಿಚಯವಾದಲ್ಲಿ ಭಯವು ಅರ್ಧ ಇಳಿಯುವುದು. ಶೌಚಕ್ಕೆ ಸ್ಥಳವನ್ನೇ ಕೊಡದೆ ಹೊಲಸು ಮಾಡುತ್ತಾರೆಂದು ದೂರುವುದು ನ್ಯಾಯವಲ್ಲವೆಂಬುದನ್ನೂ ಓಣಿಯವರು ಒಪ್ಪಿಕೊಳ್ಳುವರೆಂದು ನಮಗೆ ನಂಬಿಕೆಯಿದೆ.

ಸೂರಿನಷ್ಟೇ ಮುಖ್ಯವಾದುದು ಹೆಸರು. ವಿಳಾಸವಿಲ್ಲದವನಿಗೆ ಪಡಿತರವಿಲ್ಲ, ಬ್ಯಾಂಕಿನಲ್ಲಿ ಖಾತೆಯಿಲ್ಲ ಎಂಬುದೇ ವಾಡಿಕೆ. ಆದರೆ ಮತದಾನದ ಹಕ್ಕಿಗೆ ಮನೆಯು ಬೇಕಿಲ್ಲ. ನೆಲೆಯಿಲ್ಲದವನು ತಾನು ಮಲಗುವ ಸ್ಥಳವನ್ನು ಅರ್ಜಿಯಲ್ಲಿ ಬರೆದುಕೊಟ್ಟರೆ, ಮತಗಟ್ಟೆಯ ಅಧಿಕಾರಿಯು ರಾತ್ರಿಯಲ್ಲಿ ಹೋಗಿ ನೋಡಿ, ನಿಜವೆಂದು ಕಂಡರೆ ಪಟ್ಟಿಯಲ್ಲಿ ಸೇರಿಸಬಹುದೆಂದು ಚುನಾವಣಾ ಆಯೋಗದ ಸೂಚನೆಯುಂಟು. ಹಾಗೆಯೇ ಮಾನಸಿಕ ರೋಗಿಗಳ ವಿಷಯದಲ್ಲಿ, ಅಲೆಯುತ್ತಿರುವ ಅಂತಹವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಗಳೊಳಗೆ ಸರಕಾರಿ ಚಿಕಿತ್ಸಾಲಯಕ್ಕೆ ಮುಟ್ಟಿಸುವುದು 2017ರ ಕಾಯಿದೆಯಂತೆ ಪೋಲೀಸರ ಕರ್ತವ್ಯ. ಗಡಿಯಾಚೆ ಮಂಜೇಶ್ವರದ ಸ್ನೇಹಾಲಯದಂತಹ ಸಂಸ್ಥೆಗಳು ಅಲೆಮಾರಿ ರೋಗಿಗಳನ್ನು ಸೇರಿಸಿಕೊಂಡು ಉಪಚರಿಸುತ್ತಿರುವುದು ಶ್ಲಾಘನೀಯವೇ ಸರಿ. ಆದರೆ ಪುಣ್ಯವಂತರ ಹೆಗಲಿಗೆ ಹೊರೆಯನ್ನು ದಾಟಿಸಿ ಸರಕಾರವು ಕೈತೊಳೆದುಕೊಳ್ಳಬಾರದು.

ಸಂತೆಕಟ್ಟೆಯ ಸ್ಥಿತಿಯಲ್ಲಿ ಇನ್ನೂ ಒಂದು ತೊಡಕಿದೆ. ಇಲ್ಲಿ ನಗರಸಭೆಯ ಎಲ್ಲೆಯೂ ಕಲ್ಯಾಣಪುರದ ಗ್ರಾಮಪಂಚಾಯತಿಯ ಎಲ್ಲೆಯೂ ಒಂದನ್ನೊಂದು ಮುಟ್ಟುತ್ತವೆ. ನಗರದ ಯೋಜನೆಯು ನಗರದವನಿಗೆ, ಗ್ರಾಮದ ಯೋಜನೆಯು ಗ್ರಾಮದವನಿಗೆ ಎಂದಾದರೆ, ಎಲ್ಲೆಯ ಮೇಲೆ ಮಲಗಿದವನು ಯಾರವನು? ಮಳೆಯು ಎಲ್ಲೆಯನ್ನು ನೋಡಿ ಸುರಿಯುವುದಿಲ್ಲ. ಎರಡು ಸಂಸ್ಥೆಗಳೂ ಒಂದೇ ಸಮಿತಿಯಲ್ಲಿ ಕುಳಿತುಕೊಳ್ಳುವುದೇ ಇದಕ್ಕೆ ಪರಿಹಾರ.

ಕೊನೆಗೆ, ಆಶ್ರಯಕೇಂದ್ರವು ದಾರಿಯೇ ಹೊರತು ಗುರಿಯಲ್ಲವೆಂಬುದನ್ನು ಮರೆಯಬಾರದು. 2008ರಿಂದ ಫಿನ್ಲೆಂಡ್ ದೇಶವು ರಾತ್ರಿಯಾಶ್ರಯಗಳನ್ನು ಬಾಡಿಗೆಯ ಪುಟ್ಟ ಮನೆಗಳಾಗಿ ಮಾರ್ಪಡಿಸುತ್ತ ಬಂದಿತು. ಮೊದಲು ಮನೆ, ಉಳಿದುದೆಲ್ಲ ಆಮೇಲೆ, ಎಂಬುದು ಅವರ ಸೂತ್ರ. ನಾವು ಅಷ್ಟು ಸಿರಿವಂತರಲ್ಲ, ನಿಜ. ಆದರೆ ಒಂದು ಬೀಗ, ಒಂದು ಕೀಲಿಕೈ, ಒಂದು ವಿಳಾಸ ಮನುಷ್ಯನನ್ನು ನೆಟ್ಟಗೆ ನಿಲ್ಲಿಸುವುವೆಂಬ ತತ್ತ್ವವು ಸಿರಿವಂತರಿಗೆ ಮಾತ್ರ ಸೇರಿದುದಲ್ಲ.

ನಾವು ಕೇಳುವುದು ದೊಡ್ಡದೇನೂ ಅಲ್ಲ. ಮಳೆ ಹಿಡಿಯುವ ಮೊದಲು ಒಂದು ರಾತ್ರಿ, ಮಳೆಯ ನಡುವೆ ಇನ್ನೊಂದು ರಾತ್ರಿ, ಊರಿನ ಹಿರಿಯರೂ ಅಧಿಕಾರಿಗಳೂ ವಿದ್ಯಾರ್ಥಿಗಳೂ ಕಂದೀಲು ಹಿಡಿದು ಹೊರಡಲಿ. ಮಲಗಿದವನನ್ನು ಎಬ್ಬಿಸಿ ಓಡಿಸುವುದಕ್ಕಲ್ಲ. ಹತ್ತಿರ ಕುಳಿತು ಹೆಸರು ಕೇಳುವುದಕ್ಕೆ, ಬೇಕಾದುದನ್ನು ಬರೆದುಕೊಳ್ಳುವುದಕ್ಕೆ. ಕಟ್ಟಡ, ಅನುದಾನ, ಸಮಿತಿ ಇವೆಲ್ಲವೂ ಆ ಬರಹದಿಂದ ಹೊರಡಲಿ. ಕಟ್ಟೆಯೆಂಬುದು ದಾರಿಹೋಕನು ಕುಳಿತು ದಣಿವಾರಿಸಿಕೊಳ್ಳಲೆಂದು ನಮ್ಮ ಹಿರಿಯರು ಕಟ್ಟಿಸಿದ ಆಸನ. ಆ ಹೆಸರನ್ನು ಹೊತ್ತ ಊರಿನಲ್ಲಿ ಕುಳಿತವನನ್ನು ಎಬ್ಬಿಸುವುದು ನಮ್ಮ ಸಂಪ್ರದಾಯಕ್ಕೆ ಒಪ್ಪುವ ಮಾತಲ್ಲ.