ಪಾಠ ನಿಲ್ಲಿಸದ ಮುಷ್ಕರ

1965ರ ಮಾರ್ಚ್ 2ರಂದು ಅಮೆರಿಕದ ವಿಮಾನಗಳು ಉತ್ತರ ವಿಯೆಟ್ನಾಮಿನ ಮೇಲೆ ಬಿಡುವಿಲ್ಲದ ಬಾಂಬು ದಾಳಿ ಶುರುಮಾಡಿದವು. ವಾರ ಕಳೆಯುವಷ್ಟರಲ್ಲಿ ಸುಮಾರು 3,500 ಮರೀನ್ ಸೈನಿಕರು ದಕ್ಷಿಣ ವಿಯೆಟ್ನಾಮಿನ ಡಾ ನಾಂಗ್ ತೀರದಲ್ಲಿ ಇಳಿದರು. ಏಷ್ಯಾದವರು ಮಾಡಬೇಕಾದ ಯುದ್ಧಕ್ಕೆ ನಮ್ಮ ಹುಡುಗರನ್ನು ಕಳಿಸುವುದಿಲ್ಲ ಎಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಹಿಂದಿನ ವರ್ಷದ ಚುನಾವಣೆಯಲ್ಲಿ ಹೇಳಿದ್ದರು. ಆ ಮಾತು ನಂಬಿ ಓಟು ಹಾಕಿದವರು ಈಗ ದಂಗಾಗಿದ್ದರು. ಯುದ್ಧ ಯಾರ ಮೇಲೆ, ಯಾಕೆ ಎಂಬುದು ಬಹುಪಾಲು ಅಮೆರಿಕನ್ನರಿಗೆ ಸ್ಪಷ್ಟವಿರಲಿಲ್ಲ. ಹದಿನೆಂಟು ದಾಟಿದ ಹುಡುಗರಿಗಾದರೋ ಒಂದು ಸಂಗತಿ ಚೆನ್ನಾಗಿ ಗೊತ್ತಿತ್ತು. ಕಡ್ಡಾಯ ಸೇನಾಭರ್ತಿಯ ಪಟ್ಟಿಯಲ್ಲಿ ತಮ್ಮ ಹೆಸರಿದೆ, ಕಾಲೇಜಿನಲ್ಲಿ ಓದುತ್ತಿರುವಷ್ಟು ಕಾಲ ಕರೆ ಮುಂದಕ್ಕೆ ಹೋಗುತ್ತದೆ.

ಇಂಥ ಹುಡುಗರಿಗೆ ಪಾಠ ಹೇಳುತ್ತಿದ್ದವರು ಆನ್ ಆರ್ಬರ್ ಊರಿನ ಮಿಷಿಗನ್ ವಿಶ್ವವಿದ್ಯಾಲಯದ ಅಧ್ಯಾಪಕರು. ಅವರಲ್ಲಿ ಸುಮಾರು ಐವತ್ತು ಮಂದಿ ಸೇರಿ, ಮಾರ್ಚ್ 24ರಂದು ಒಂದು ದಿನ ಮಾಮೂಲಿ ತರಗತಿ ನಡೆಸುವುದಿಲ್ಲ, ಯುದ್ಧದ ಬಗ್ಗೆ ಮಾತಾಡುತ್ತೇವೆ ಎಂದು ಸಾರಿದರು. ತಕ್ಷಣ ಗದ್ದಲ ಎದ್ದಿತು. ರಾಜ್ಯದ ಗವರ್ನರ್ ಜಾರ್ಜ್ ರಾಮ್ನಿ ವಿರೋಧಿಸಿದರು. ಶಾಸಕರು ಸಿಟ್ಟಾದರು. ವಿಶ್ವವಿದ್ಯಾಲಯದ ಅಧ್ಯಕ್ಷ ಹಾರ್ಲನ್ ಹ್ಯಾಚರ್ ಅವರಿಗೂ ಒಪ್ಪಿಗೆ ಇರಲಿಲ್ಲ. ಟೀಕೆಯ ತಿರುಳು ಒಂದೇ: ಸಂಬಳ ಪಡೆಯುವುದು ಪಾಠ ಹೇಳಲಿಕ್ಕೆ, ನಿಲ್ಲಿಸಲಿಕ್ಕಲ್ಲ.

ಈ ಟೀಕೆಗೆ ಏನು ಉತ್ತರ ಕೊಡಬೇಕೆಂದು ಅಧ್ಯಾಪಕರು ಒಂದು ರಾತ್ರಿ ಕೂತು ಬೆಳಗಿನ ಜಾವದವರೆಗೆ ವಾದಿಸಿದರು. ಮುಷ್ಕರ ಬಿಟ್ಟರೆ ಹೆದರಿ ಹಿಂದೆ ಸರಿದಂತೆ ಎಂದು ಕೆಲವರು. ಬಿಡದಿದ್ದರೆ ಯುದ್ಧದ ಮಾತು ಮರೆಯಾಗಿ ಮುಷ್ಕರದ ಸರಿತಪ್ಪೇ ದೊಡ್ಡ ಸುದ್ದಿಯಾಗುತ್ತದೆ ಎಂದು ಇನ್ನು ಕೆಲವರು. ದಾರಿ ತೋರಿದವರು ಮಾನವಶಾಸ್ತ್ರಜ್ಞ ಮಾರ್ಷಲ್ ಸಾಲಿನ್ಸ್. ನಾವು ಕರ್ತವ್ಯ ಬಿಟ್ಟೆವೆಂದು ತಾನೇ ಅವರ ದೂರು? ಹಾಗಾದರೆ ಪಾಠ ನಿಲ್ಲಿಸುವುದು ಬೇಡ, ಇನ್ನಷ್ಟು ಹೇಳೋಣ, ರಾತ್ರಿಯಿಡೀ ಹೇಳೋಣ ಎಂಬುದು ಅವರ ಸಲಹೆಯ ಸಾರ. ಹಗಲಿನ ತರಗತಿಗಳು ಎಂದಿನಂತೆ ನಡೆಯಲಿ, ಕತ್ತಲಾದ ಮೇಲೆ ಕಟ್ಟಡ ನಮ್ಮದಾಗಲಿ. ಅದಕ್ಕೆ ಅವರು ಇಟ್ಟ ಹೆಸರು ಟೀಚ್-ಇನ್. ಕರಿಯ ವಿದ್ಯಾರ್ಥಿಗಳು ಹೋಟೆಲುಗಳ ವರ್ಣಭೇದದ ವಿರುದ್ಧ ಕದಲದೆ ಕೂತು ನಡೆಸಿದ್ದ ಸಿಟ್-ಇನ್‌ಗಳು ಆಗ ಎಲ್ಲರಿಗೂ ಪರಿಚಿತವಾಗಿದ್ದವು.

ಮುಷ್ಕರವನ್ನೇ ನೆಚ್ಚಿದ್ದವರಿಗೆ ಇದು ಸೋಲಿನಂತೆ ಕಂಡಿತು. ನನಗೆ ಈ ಇಡೀ ಕಥೆಯಲ್ಲಿ ಅತಿ ಮುಖ್ಯವಾಗಿ ಕಾಣುವುದು ಈ ತಿರುವೇ. ಮುಷ್ಕರವನ್ನು ಯಾವ ಕಾರ್ಖಾನೆಯವರೂ ಮಾಡಬಹುದು, ಮಾಡುವ ಹಕ್ಕೂ ಅವರಿಗಿದೆ. ಆದರೆ ನೂರಾರು ಜನರನ್ನು ಕೂರಿಸಿ, ದೂರದ ನಾಡೊಂದರ ಚರಿತ್ರೆ, ಜಮೀನು ಹಂಚಿಕೆ, ಫ್ರೆಂಚರ ಆಳ್ವಿಕೆ, 1954ರ ಜಿನೀವಾ ಒಪ್ಪಂದ ಇವನ್ನೆಲ್ಲ ಬಿಡಿಸಿ ಹೇಳಿ, ಎದ್ದ ಪ್ರಶ್ನೆಗಳಿಗೆ ನಿಂತು ಉತ್ತರ ಕೊಡುವ ಶಕ್ತಿ ವಿಶ್ವವಿದ್ಯಾಲಯಕ್ಕಿರುವಷ್ಟು ಬೇರೆಯವರಿಗೆ ಇರುವುದು ಅಪರೂಪ. ಆನ್ ಆರ್ಬರಿನವರು ತಮ್ಮ ಕಸುಬನ್ನೇ ಪ್ರತಿಭಟನೆಯ ಸಾಧನ ಮಾಡಿಕೊಂಡರು. ಬೆಂಬಲಿಸಿದ ಅಧ್ಯಾಪಕರ ಸಂಖ್ಯೆ ಐವತ್ತರಿಂದ ಇನ್ನೂರು ದಾಟಿತು. ತರಗತಿ ರದ್ದು ಮಾಡಲು ಅಡ್ಡಿ ಒಡ್ಡಿದ್ದ ಆಡಳಿತವೇ ಸಭಾಂಗಣಗಳನ್ನು ಬಿಟ್ಟುಕೊಟ್ಟಿತು.

ಮಾರ್ಚ್ 24ರ ರಾತ್ರಿ ಎಂಟಕ್ಕೆ ಏಂಜೆಲ್ ಹಾಲ್ ಕಟ್ಟಡದಲ್ಲಿ ಕಾರ್ಯಕ್ರಮ ಆರಂಭವಾಯಿತು. ಕೆಲವು ನೂರು ಜನ ಬರಬಹುದೆಂಬ ಎಣಿಕೆ ಇತ್ತು, ಬಂದವರು ಸುಮಾರು 3,000. ಆಗಿನ ನಿಯಮದಂತೆ ಹುಡುಗಿಯರು ರಾತ್ರಿ ನಿಗದಿತ ಹೊತ್ತಿಗೆ ಹಾಸ್ಟೆಲ್ ಸೇರಬೇಕಿತ್ತು. ಅಂದು ಒಂದು ರಾತ್ರಿಯ ಮಟ್ಟಿಗೆ ಆ ನಿಯಮ ಸಡಿಲಿಸಿದರು. ಇದು ಸಣ್ಣ ಸಂಗತಿಯಲ್ಲ. ಲೋಕದ ಯುದ್ಧದ ಬಗ್ಗೆ ನಡುರಾತ್ರಿ ವಾದ ಮಾಡಲು ಹುಡುಗರಷ್ಟೇ ಹಕ್ಕು ಹುಡುಗಿಯರಿಗೂ ಸಿಕ್ಕಿತು. ಇಂದಿಗೂ ನಮ್ಮ ಎಷ್ಟೋ ಹಾಸ್ಟೆಲುಗಳಲ್ಲಿ ಹುಡುಗಿಯರ ಬಾಗಿಲು ಸಂಜೆಗೇ ಮುಚ್ಚುತ್ತದೆ, ಸಂಜೆಯ ಉಪನ್ಯಾಸಗಳು ಅವರ ಪಾಲಿಗಿರುವುದಿಲ್ಲ.

ಮೊದಲು ಮಾತಾಡಿದ ಮೂವರಲ್ಲಿ ಇಬ್ಬರು ವಿಯೆಟ್ನಾಮಿನಲ್ಲಿ ಇದ್ದು ಬಂದವರು: ಅಲ್ಲಿ ಅಮೆರಿಕದ ನೆರವು ಯೋಜನೆಯಲ್ಲಿ ಕೆಲಸ ಮಾಡಿದ್ದ ಅರ್ಥಶಾಸ್ತ್ರಜ್ಞ ರಾಬರ್ಟ್ ಬ್ರೌನ್, ಮಾನವಶಾಸ್ತ್ರಜ್ಞ ಜಾನ್ ಡೊನಹ್ಯೂ. ಮೂರನೆಯವರು ಆರ್ಥರ್ ವಾಸ್ಕೊ. ಉಪನ್ಯಾಸಗಳ ನಡುವೆ ಬಾಂಬ್ ಬೆದರಿಕೆ ಬಂತು, ಪೊಲೀಸರು ಕಟ್ಟಡ ಖಾಲಿ ಮಾಡಿಸಿದರು. ಕೊರೆಯುವ ಚಳಿಯಲ್ಲಿ ಜನ ಹೊರಗೆ ನಿಂತು ಅಲ್ಲೇ ಸಭೆ ಮುಂದುವರಿಸಿದರು. ತಪಾಸಣೆ ಮುಗಿದ ಮೇಲೆ ಮತ್ತೆ ಒಳಗೆ ಹೋಗಿ ಸಣ್ಣ ಸಣ್ಣ ಗುಂಪುಗಳಾಗಿ ಕೋಣೆಗಳಲ್ಲಿ ಕೂತರು. ಯುದ್ಧದ ಪರವಾಗಿದ್ದ ವಿದ್ಯಾರ್ಥಿಗಳು ಫಲಕ ಹಿಡಿದು ಬಂದಿದ್ದರು, ಅವರೂ ಚರ್ಚೆಗೆ ಸೇರಿಕೊಂಡರು. ಬೆಳಗಿನ ಎಂಟಕ್ಕೆ ಕಾರ್ಯಕ್ರಮ ಮುಗಿದಾಗ ನೂರಾರು ಮಂದಿ ಇನ್ನೂ ಉಳಿದಿದ್ದರು.

ಆಹ್ವಾನಿತ ಭಾಷಣಕಾರರೆಲ್ಲ ಯುದ್ಧವಿರೋಧಿಗಳೇ ಆಗಿದ್ದರೆಂಬ ಆಕ್ಷೇಪ ಆಗಲೇ ಬಂತು. ಆ ಆಕ್ಷೇಪ ನ್ಯಾಯವಾದದ್ದು. ಸರ್ಕಾರದ ವಾದ ದಿನವೂ ಪತ್ರಿಕೆ, ಟೆಲಿವಿಷನ್ನುಗಳಲ್ಲಿ ಕೇಳಿಬರುತ್ತಿತ್ತು ಎಂಬ ಸಮಜಾಯಿಷಿಯಲ್ಲಿ ಹುರುಳಿದೆ, ನಿಜ. ಆದರೂ ಪಾಠವೆಂದು ಕರೆದುಕೊಂಡ ಮೇಲೆ ಎದುರುವಾದವನ್ನು ಅದರ ಬಲವಾದ ರೂಪದಲ್ಲಿ ಕೇಳಿಸಬೇಕು. ಮುಂದಿನ ಟೀಚ್-ಇನ್‌ಗಳಲ್ಲಿ ಹಲವರು ಅದಕ್ಕೆ ಪ್ರಯತ್ನಪಟ್ಟರು. ಎರಡೇ ದಿನದಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯ, ಆಮೇಲೆ ವಿಸ್ಕಾನ್ಸಿನ್, ಹೀಗೆ ಆ ಶೈಕ್ಷಣಿಕ ವರ್ಷ ಮುಗಿಯುವುದರೊಳಗೆ ನೂರಕ್ಕೂ ಹೆಚ್ಚು ಕ್ಯಾಂಪಸ್ಸುಗಳಲ್ಲಿ ಟೀಚ್-ಇನ್ ನಡೆಯಿತು. ಸರ್ಕಾರ ತನ್ನ ಅಧಿಕಾರಿಗಳ ತಂಡವನ್ನೇ ಕಾಲೇಜುಗಳಿಗೆ ಕಳಿಸಿತು. ಮೇ 15ರಂದು ವಾಷಿಂಗ್ಟನ್ನಿನಲ್ಲಿ ನಡೆದ ರಾಷ್ಟ್ರೀಯ ಟೀಚ್-ಇನ್ ಅನ್ನು ದೂರವಾಣಿ ತಂತಿಗಳ ಮೂಲಕ ನೂರಕ್ಕೂ ಹೆಚ್ಚು ಕ್ಯಾಂಪಸ್ಸುಗಳು ಕೇಳಿದವು. ಅಧ್ಯಕ್ಷರ ರಾಷ್ಟ್ರೀಯ ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿ ಅಲ್ಲಿ ವಾದಿಸಲು ಒಪ್ಪಿದ್ದರು. ಕೊನೆಯ ಗಳಿಗೆಯಲ್ಲಿ ಜಾನ್ಸನ್ ಬಂಡಿಯವರನ್ನು ಡೊಮಿನಿಕನ್ ಗಣರಾಜ್ಯಕ್ಕೆ ಕಳಿಸಿಬಿಟ್ಟರು. ಮುಂದಿನ ತಿಂಗಳು ಬಂಡಿ ಟೆಲಿವಿಷನ್ನಿನಲ್ಲಿ ರಾಜನೀತಿ ವಿದ್ವಾಂಸ ಹಾನ್ಸ್ ಮಾರ್ಗನ್‌ಥಾವ್ ಅವರನ್ನು ಎದುರಿಸಬೇಕಾಯಿತು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಜೂನ್ 16ರಂದು ಬ್ರಿಟನ್ನಿನ ವಿದೇಶಾಂಗ ಮಂತ್ರಿ ಮೈಕೆಲ್ ಸ್ಟುವರ್ಟ್ ಸ್ವತಃ ಬಂದು ಉತ್ತರ ಹೇಳಿದರು. ಕ್ಯಾಂಪಸ್ಸಿನ ಒಂದು ಕಾರ್ಯಕ್ರಮ ಸಾಧಿಸಬಹುದಾದ ಬಹು ದೊಡ್ಡ ಕೆಲಸ ಇದೇ ಇರಬೇಕು: ಅಧಿಕಾರದಲ್ಲಿರುವವರು ಕಾರಣ ಕೊಡಲೇಬೇಕಾದ ಸ್ಥಿತಿ ತರುವುದು.

ಯುದ್ಧ ನಿಲ್ಲಲಿಲ್ಲ. 1969ರ ಹೊತ್ತಿಗೆ ವಿಯೆಟ್ನಾಮಿನಲ್ಲಿ ಅಮೆರಿಕದ ಐದು ಲಕ್ಷಕ್ಕೂ ಹೆಚ್ಚು ಸೈನಿಕರಿದ್ದರು. ಆದರೆ ಟೀಚ್-ಇನ್ ಎಂಬ ಮಾದರಿ ಉಳಿಯಿತು, ಬೇರೆ ಕಡೆ ಚಿಗುರಿತು.

1969ರ ಜನವರಿ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರಾ ಕಡಲಲ್ಲಿ ಎಣ್ಣೆ ಬಾವಿ ಒಡೆದು ತೀರವೆಲ್ಲ ಕಪ್ಪಾಯಿತು. ವಿಸ್ಕಾನ್ಸಿನ್ ರಾಜ್ಯದ ಸೆನೆಟರ್ ಗೇಲಾರ್ಡ್ ನೆಲ್ಸನ್ ಆ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ ನೋಡಿದರು. ವಿಮಾನದಲ್ಲಿ ಮುಂದಿನ ಊರಿಗೆ ಹೋಗುವಾಗ ಟೀಚ್-ಇನ್‌ಗಳ ಬಗ್ಗೆ ಒಂದು ಲೇಖನ ಓದಿದರು. ಗಾಳಿ, ನೀರಿನ ವಿಚಾರಕ್ಕೂ ಇದೇ ದಾರಿ ಏಕಾಗಬಾರದು ಎನ್ನಿಸಿತು. ಸೆಪ್ಟೆಂಬರಿನಲ್ಲಿ ಸಿಯಾಟಲ್ ನಗರದ ಭಾಷಣದಲ್ಲಿ ಅದನ್ನು ಹೇಳಿದರು. ಸಂಘಟನೆಯ ಹೊಣೆ ಬಿದ್ದದ್ದು ಹಾರ್ವರ್ಡಿನಲ್ಲಿ ಓದುತ್ತಿದ್ದ ಡೆನಿಸ್ ಹೇಯ್ಸ್ ಎಂಬ 25 ವರ್ಷದ ಯುವಕನ ಮೇಲೆ. 1970ರ ಏಪ್ರಿಲ್ 22 ಎಂಬ ತಾರೀಕನ್ನು ಆರಿಸಿದ್ದು ವಿದ್ಯಾರ್ಥಿಗಳ ಅನುಕೂಲ ನೋಡಿ. ವಸಂತದ ರಜೆ ಮುಗಿದಿರಬೇಕು, ವರ್ಷದ ಕೊನೆಯ ಪರೀಕ್ಷೆ ಬಂದಿರಬಾರದು. ಅದೇ ಈಗ ಜಗತ್ತಿನಾದ್ಯಂತ ಆಚರಿಸುವ ಭೂಮಿ ದಿನ. ಮೊದಲ ವರ್ಷ ಅದರಲ್ಲಿ ಭಾಗವಹಿಸಿದ ಅಮೆರಿಕನ್ನರು ಸುಮಾರು ಎರಡು ಕೋಟಿ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಆ ವರ್ಷ ಮುಗಿಯುವ ಮೊದಲೇ ಅಮೆರಿಕದಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಹುಟ್ಟಿತು, ಗಾಳಿಯ ಶುದ್ಧತೆಗೆ ಬಲವಾದ ಕಾನೂನು ಬಂತು.

ನಮ್ಮ ಕಾಲೇಜುಗಳಲ್ಲೂ ಏಪ್ರಿಲ್ 22ಕ್ಕೆ, ಜೂನ್ 5ರ ಪರಿಸರ ದಿನಕ್ಕೆ, ಡಿಸೆಂಬರ್ 10ರ ಮಾನವ ಹಕ್ಕುಗಳ ದಿನಕ್ಕೆ ಬ್ಯಾನರ್ ಕಟ್ಟುತ್ತೇವೆ, ಮುಖ್ಯ ಅತಿಥಿ ಮಾತಾಡುತ್ತಾರೆ, ವಂದನಾರ್ಪಣೆಯಾಗುತ್ತದೆ. ಸಭೆಯಲ್ಲಿ ಕೂತ ಹುಡುಗ ಹುಡುಗಿಯರು ಎದ್ದು ನಿಂತು ಕೇಳುವ ಹೊತ್ತು ಮಾತ್ರ ಕಾರ್ಯಕ್ರಮ ಪಟ್ಟಿಯಲ್ಲಿ ಇರುವುದು ಕಡಿಮೆ. ಭೂಮಿ ದಿನ ಹುಟ್ಟಿದ್ದೇ ಆ ಹೊತ್ತಿನಿಂದ ಎಂಬುದನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ.

ಪಾಠ ಮುಗಿದಮೇಲೆ ಏನು ಎಂಬ ಪ್ರಶ್ನೆಗೆ ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ವಿರುದ್ಧ ನಡೆದ ಕ್ಯಾಂಪಸ್ ಚಳವಳಿ ಒಂದು ಉತ್ತರ ಕೊಟ್ಟಿತು. ದೂರದ ಅನ್ಯಾಯಕ್ಕೂ ನಮಗೂ ಏನು ನಂಟು ಎಂದು ಹುಡುಕುತ್ತಾ ಹೋದ ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾಲಯದ ಲೆಕ್ಕಪತ್ರ ತೆರೆದರು. ದಕ್ಷಿಣ ಆಫ್ರಿಕಾದಲ್ಲಿ ವ್ಯಾಪಾರ ಮಾಡುವ ಕಂಪನಿಗಳ ಷೇರುಗಳಲ್ಲಿ ಸಂಸ್ಥೆಯ ಹಣ ಕೂತಿತ್ತು. ಮ್ಯಾಸಚೂಸೆಟ್ಸ್‌ನ ಪುಟ್ಟ ಹ್ಯಾಂಪ್‌ಶೈರ್ ಕಾಲೇಜು 1977ರಲ್ಲಿ ಆ ಷೇರುಗಳನ್ನು ಮಾರಿತು. 1985ರಲ್ಲಿ ಕೊಲಂಬಿಯದ ವಿದ್ಯಾರ್ಥಿಗಳು ಹ್ಯಾಮಿಲ್ಟನ್ ಹಾಲಿನ ಬಾಗಿಲಲ್ಲಿ ವಾರಗಟ್ಟಲೆ ಕೂತರು. 1986ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಸುಮಾರು 300 ಕೋಟಿ ಡಾಲರಿನಷ್ಟು ಹೂಡಿಕೆ ಹಿಂತೆಗೆಯಲು ತೀರ್ಮಾನಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅಮೆರಿಕದ ಸಂಸತ್ತು ಅಧ್ಯಕ್ಷ ರೇಗನ್ ಅವರ ತಡೆಯನ್ನು ಮೀರಿ ದಕ್ಷಿಣ ಆಫ್ರಿಕಾದ ಮೇಲೆ ಆರ್ಥಿಕ ನಿರ್ಬಂಧ ಹೇರಿತು.

ಟೀಚ್-ಇನ್ ನಮ್ಮ ದೇಶದಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು 2016ರಲ್ಲಿ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಅಧ್ಯಕ್ಷರನ್ನು ಫೆಬ್ರುವರಿಯಲ್ಲಿ ಬಂಧಿಸಿದಾಗ, ದೇಶದ್ರೋಹದ ಆಪಾದನೆ ಇಡೀ ಕ್ಯಾಂಪಸ್ಸಿನ ಮೇಲೆ ಬಿತ್ತು. ಅಧ್ಯಾಪಕರು ಆಡಳಿತ ಕಚೇರಿಯ ಮುಂದಿನ ಬಯಲಿನಲ್ಲಿ ರಾಷ್ಟ್ರೀಯತೆ ಎಂದರೇನು ಎಂಬ ವಿಷಯದ ಮೇಲೆಯೇ ಸಾಲು ಉಪನ್ಯಾಸ ಏರ್ಪಡಿಸಿದರು. ರಾಜಕೀಯ ಚಿಂತಕ ಗೋಪಾಲ್ ಗುರು ಅವರಂಥವರು ಮಾತಾಡಿದರು, ವಿದ್ಯಾರ್ಥಿಗಳು ಮೆಟ್ಟಿಲ ಮೇಲೆ, ನೆಲದ ಮೇಲೆ ಕೂತು ಕೇಳಿದರು. ಉಪನ್ಯಾಸಗಳ ವಿಡಿಯೊಗಳು ಕ್ಯಾಂಪಸ್ಸಿನ ಆಚೆಗೂ ಹೋದವು, ಆಮೇಲೆ ಅವು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂದವು. ಅದರ ಸಂಪಾದಕರಲ್ಲಿ ಒಬ್ಬರು, ಮೈಸೂರು ಸಂಸ್ಥಾನದ ಬಗ್ಗೆ ಮತ್ತು ಇಪ್ಪತ್ತನೆಯ ಶತಮಾನದ ಬೆಂಗಳೂರಿನ ಬಗ್ಗೆ ಗ್ರಂಥಗಳನ್ನು ಬರೆದ ಇತಿಹಾಸಕಾರ್ತಿ ಜಾನಕಿ ನಾಯರ್.